ಉಡಿ ತುಂಬಿ ಕಳಿಸಿದ ದಿನ

ಪೆದ್ದಹರಿವಾಣಂ
14-11-2024, ಗುರುವಾರ

ನನ್ನ ಮುದ್ದಿನ ಸೊಸೆ ಶ್ರಾವಣಿಗೆ, ನಿನ್ನ ಅತ್ತೆ ಗಂಗಕ್ಕನ ಆಶೀರ್ವಾದಗಳು.

ಹೇಗಿದ್ದೀಯ? ಕಾಲಿನ ಬಾವು ಇಳಿಯಿತೇ? ಹೊಟ್ಟೆಯೊಳಗಿನ ಇಬ್ಬರೂ ಒದೆಯುತ್ತಿದ್ದಾರೆಯೇ, ಇಲ್ಲ ಅಜ್ಜಿಯ ಮನೆಗೆ ಬಂದೆವೆಂದು ಹಾಯಾಗಿ ಮಲಗಿದ್ದಾರೆಯೇ? ಫೋನ್ ಇರುವಾಗ ಇದೇನು ಕಾಗದ ಎಂದು ನಗಬೇಡ. ನಿಮ್ಮ ಮನೆಯಲ್ಲಿ ಫೋನ್ ಬಂದರೆ ಸ್ಪೀಕರ್ ಹಾಕಿ ಮನೆಮಂದಿಯೆಲ್ಲ ಸುತ್ತ ಕೂರುತ್ತೀರಿ. ಹೆಂಗಸರ ಮಾತು ಆಡುವುದು ಹೇಗೆ? ಗೋನೆಗಂಡ್ಲದ ನಿಮ್ಮವರೆಲ್ಲ ತೆಲುಗು ಓದಿದವರು. ಅಕ್ಷರದ ಗುರುತು ಸಿಕ್ಕರೂ ನನ್ನ ಗೀಚು ಬಿಡಿಸಲಾರರು. ಅದನ್ನು ಓದಬಲ್ಲವಳು ನೀನೊಬ್ಬಳೇ.

ಮದುವೆಯಾಗಿ ಬಂದ ವರ್ಷ ನೆನಪಿದೆಯೇ? ಮಧ್ಯಾಹ್ನ ಕಟ್ಟೆಯ ಮೇಲೆ ನಾನು ಉಣ್ಣೆ ಹಿಂಜುತ್ತಿದ್ದರೆ, ನೀನು ಪಕ್ಕದಲ್ಲಿ ಕೂತು ನಮ್ಮ ಕುರಿಗಳ ಹೆಸರು ಬರೆದು ಬರೆದು ಕನ್ನಡ ಕಲಿತೆ. “ಅತ್ತೀ, ನನಗಿಂತ ಈ ಕುರಿನೇ ಚಲೋ ಬರೀತೈತಿ” ಎಂದು ಒಂದು ದಿನ ಸ್ಲೇಟು ಬಿಸಾಡಿದ್ದೆ. ಈಗ ಆ ಕಟ್ಟೆ ಬಿಕೋ ಎನ್ನುತ್ತಿದೆ. ನಿನ್ನ ಮಾವನೂ ಕುರಿ ಹೊಡೆದುಕೊಂಡು ಹೊರಡುವಾಗ ನಿನ್ನ ಕೋಣೆಯತ್ತ ಒಮ್ಮೆ ನೋಡಿಯೇ ಹೋಗುತ್ತಾರೆ. ನೀನಿಲ್ಲದೆ ಬಹಳ ಬೇಸರ, ಮುಚ್ಚಿಟ್ಟು ಏನು ಮಾಡಲಿ?

ನಿನ್ನ ಗಂಡ ಸಾಯಿಕುಮಾರ್ ಒಬ್ಬನೇ ಹುಟ್ಟಿದವನಲ್ಲ ಎಂಬುದು ನಿನಗೆ ಗೊತ್ತು. ಅವನ ಹಿಂದೆಯೇ ಒಂದು ಹೆಣ್ಣುಕೂಸು ಬಂತು, ಇಬ್ಬರೂ ಏಳು ತಿಂಗಳಿಗೇ. ನಿನ್ನ ಮಾವ ಹೊಸ ಕಂಬಳಿ ಕತ್ತರಿಸಿ ಎರಡು ತುಂಡು ಮಾಡಿದರು. ನಾನು ಹತ್ತಿಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ತುಟಿಗೆ ಹಿಡಿಯುತ್ತಿದ್ದೆ. ಇವನು ಚೀಪಿದ. ಅವಳಿಗೆ ಚೀಪುವ ಶಕ್ತಿ ಇರಲಿಲ್ಲ. ಒಂಬತ್ತು ದಿನ ಇದ್ದಳು. ಅವಳ ಕಂಬಳಿಯ ತುಂಡು ಈಗಲೂ ನನ್ನ ಟ್ರಂಕಿನಲ್ಲಿದೆ. ಆಗ ಸ್ಕ್ಯಾನ್ ಮಾಡಿ ಮುಂಚೆಯೇ ಹೇಳುವವರು ನಮಗೆ ಯಾರೂ ಇರಲಿಲ್ಲ. ಅದಕ್ಕೇ ಆದವಾನಿಯ ಡಾಕ್ಟರಮ್ಮ ನಿನ್ನ ಗರ್ಭಕೋಶದ ಬಾಯಿ ಗಿಡ್ಡವಾಗಿದೆ, ಅವಳಿ ಕೂಸುಗಳು ಬೇಗ ಬಂದುಬಿಡಬಹುದು ಎಂದಾಗ ನನಗೆ ಅವಳೇ ನೆನಪಾದಳು. ದಿನಕ್ಕೊಂದರಂತೆ ಒಳಗಿಟ್ಟುಕೊಳ್ಳುವ ಮಾತ್ರೆ ಕೊಟ್ಟು, “ಖಾತ್ರಿ ಅಂತ ಹೇಳಂಗಿಲ್ಲಮ್ಮಾ, ತಡೀಬಹುದು. ಒಂದಿನಾನೂ ಬಿಡಬ್ಯಾಡ್ರಿ” ಎಂದದ್ದು ನನ್ನ ಕಿವಿಯಲ್ಲೇ ಇದೆ.

ಹೋದ ಶುಕ್ರವಾರ ಸೀಮಂತದ ಕುಬಸ ಮಾಡಿ, ಹಸಿರು ಬಳೆ ತೊಡಿಸಿ, ಅಕ್ಕಿ, ಕೊಬ್ಬರಿ, ಉತ್ತುತ್ತಿ ಉಡಿಗೆ ತುಂಬಿ ನಿನ್ನನ್ನು ಕಾರು ಹತ್ತಿಸಿದೆವು. ನೀನು ಗಾಜು ಇಳಿಸಿ ನನ್ನ ಕೈ ಹಿಡಿದುಕೊಂಡೆ, ಬಿಡಲೇ ಇಲ್ಲ. ಅಲ್ಲಿಗೆ ಹೋಗಿ ನೋಡಿದರೆ ಚೀಲದಲ್ಲಿ ಮಾತ್ರೆ ಇಲ್ಲ. ಬೈಯುತ್ತಾರೆಂದು ಹೆದರಿ ಮೂರು ದಿನ ಯಾರಿಗೂ ಹೇಳಲಿಲ್ಲ ನೀನು. ಸೋಮವಾರ ಫೋನಿನಲ್ಲಿ “ನಾನೇ ಎಲ್ಲೋ ಬೀಳಿಸೀನಿ” ಎಂದಾಗ ಸಾಯಿಕುಮಾರ್ ಕೂಗಾಡಿದ್ದನ್ನು ನಿಮ್ಮ ಮನೆಯವರೆಲ್ಲ ಕೇಳಿದರು. ಅಂದೇ ಹೊಸದು ತಂದುಕೊಟ್ಟಿದ್ದಾನಲ್ಲ, ಅದನ್ನು ತಪ್ಪಿಸಬೇಡ. ಬರುವ ಸೋಮವಾರ ಡಾಕ್ಟರಮ್ಮ ಮತ್ತೆ ಸ್ಕ್ಯಾನ್ ಮಾಡುತ್ತಾರಂತೆ.

ನಿಮ್ಮ ತಾಯಿ ಹೇಮಾವತಿಯವರಿಗೆ ನಮಸ್ಕಾರ ತಿಳಿಸು. ನಿಮ್ಮ ಮೂರು ಜೀವವನ್ನೂ ದೇವರು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಗಂಗಕ್ಕ

ತಾ.ಕ.: ಕಾಗದ ತರುವ ಮಾರೆಣ್ಣ ಬಸ್ಸಿಗೆ ಹೊತ್ತಾಯಿತೆಂದು ಬಾಗಿಲಲ್ಲೇ ನಿಂತಿದ್ದಾನೆ. ನೀನು ಏನನ್ನೂ ಬೀಳಿಸಿಲ್ಲ ಶ್ರಾವಣಿ. ತುಂಬಿದ ಉಡಿಯ ಜೊತೆ ಔಷಧಿ ಹೊಸಿಲು ದಾಟಬಾರದು ಎಂದು ನನ್ನ ಅತ್ತೆ ಹೇಳುತ್ತಿದ್ದರು. ಅದಕ್ಕೆ ನಿನ್ನ ಚೀಲದಿಂದ ನಾನೇ ತೆಗೆದು ಉಣ್ಣೆಯ ಬುಟ್ಟಿಯಲ್ಲಿಟ್ಟೆ, ಹಿಂದಿನಿಂದ ಕಳಿಸಿದರಾಯಿತೆಂದು. ಅಳುವ ಗಡಿಬಿಡಿಯಲ್ಲಿ ಮರೆತೆ. ಸಾಯಿಕುಮಾರ್ ನಿನ್ನನ್ನು ಬೈಯುವಾಗ ಪಕ್ಕದಲ್ಲೇ ಇದ್ದೆ, ಬಾಯಿ ಬರಲಿಲ್ಲ. ಇವತ್ತು ಬೆಳಿಗ್ಗೆ ಅವನಿಗೆ ಹೇಳಿದೆ. ಉಣ್ಣದೆ ಎದ್ದು ಹೋದ. ಒಂದು ಕೂಸು ಕಳೆದುಕೊಂಡ ನಾನೇ ಹೀಗೆ ಮಾಡಿದೆನಲ್ಲ. ಸೋಮವಾರ ನಾನೂ ಬರುತ್ತೇನೆ. ನೀನು ಬೇಡವೆಂದರೆ ಸ್ಕ್ಯಾನ್ ಕೋಣೆಯ ಹೊರಗೇ ಕೂರುತ್ತೇನೆ.