ಬಳಕೆದಾರರ ವಯಸ್ಸು ಒಂಬತ್ತು

ಪ್ರೀತಿಯ ಅಣ್ಣಾ,

ಮದುವೆಯಾಗಿ ಎರಡು ತಿಂಗಳಾದರೂ ನನ್ನ ಕಾಲು ಇನ್ನೂ ನೆಲ ಮುಟ್ಟಿಲ್ಲ. ಬೆಳಿಗ್ಗೆ ಕಾಫಿಯನ್ನೂ ಇವರೇ ಮಾಡಿಕೊಡುತ್ತಾರೆ, ರಸ್ತೆ ದಾಟುವಾಗಲೂ ಕೈ ಬಿಡುವುದಿಲ್ಲ. ನಾನು ತುಂಬಾ, ತುಂಬಾ ಖುಷಿಯಾಗಿದ್ದೇನೆ.

ಕಂಪ್ಯೂಟರ್ ರಿಪೇರಿ ಮಾಡುವ ನಿನ್ನಲ್ಲಿ ಒಂದು ಸಣ್ಣ ಸಂದೇಹ ಕೇಳಬೇಕು. ಮನೆಯ ಕಂಪ್ಯೂಟರಿಗೆ ಹೊಸ ಸಿಸ್ಟಮ್ ಹಾಕಿದಾಗ ಅದು ನನ್ನ ವಯಸ್ಸು ಕೇಳಿತು. ಇವರು ತಮಾಷೆಗೆ ಒಂಬತ್ತು ಎಂದು ಹಾಕಿ, "ನೀನು ನನ್ನ ಪಾಪು ತಾನೇ?" ಎಂದರು. ನಾನೂ ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಈಗ ನಾನು ಯಾವ ಹೊಸ ಪುಟ ತೆರೆದರೂ ಅದು ಚಿಕ್ಕ ಮಕ್ಕಳಿಗೆ ಮಾಡುವಂತೆ ಇವರ ಫೋನಿನಲ್ಲಿ ಅನುಮತಿ ಕೇಳುತ್ತದೆ. ಅಡುಗೆಯ ಪುಟಕ್ಕಾದರೆ ಕಣ್ಣು ಮಿಟುಕಿಸುವುದರೊಳಗೆ ಒಪ್ಪಿಗೆ ಬರುತ್ತದೆ. ಟೀಚರ್ ಕೆಲಸದ ಅರ್ಜಿಗೆ ಆರು ಸಲ ಕೇಳಿದ್ದೇನೆ. "ನೆಟ್ ಸ್ಲೋ ಇರ್ಬೇಕು ಚಿನ್ನಾ, ಏನವಸರ?" ಎನ್ನುತ್ತಾರೆ. ವಯಸ್ಸು ತಿದ್ದಲು ಇವರ ಪಾಸ್‌ವರ್ಡೇ ಬೇಕು. ಕೇಳಿದರೆ ಕೆನ್ನೆ ಹಿಂಡಿ ಎದ್ದು ಹೋಗುತ್ತಾರೆ.

ಅರ್ಜಿಗೆ ಮುಂದಿನ ಶುಕ್ರವಾರ ಕೊನೆಯ ದಿನ. ವಿವರಗಳನ್ನೆಲ್ಲ ಜೊತೆಗಿರುವ ಹಾಳೆಯಲ್ಲಿ ಬರೆದಿದ್ದೇನೆ, ನಿನ್ನ ಅಂಗಡಿಯಿಂದಲೇ ತುಂಬಿ ಕಳಿಸು. ಅಂಕಪಟ್ಟಿ ನನ್ನ ಹಳೆಯ ಬೀರುವಿನಲ್ಲಿದೆ. ಉತ್ತರವನ್ನು ಕೆಳಮನೆಯ ಟೈಲರಕ್ಕನ ವಿಳಾಸಕ್ಕೆ ಬರೆ, ಅವರಿಗೆ ಹೇಳಿದ್ದೇನೆ. ಫೋನ್ ಮಾತ್ರ ಮಾಡಬೇಡ. ಇವರು ಉಡುಗೊರೆಯಾಗಿ ಕೊಟ್ಟ ಹೊಸ ಫೋನಿನಲ್ಲೂ ನನಗೆ ಒಂಬತ್ತೇ.

ಅಪ್ಪ ಅಮ್ಮನಿಗೆ ಮೊದಲ ಪ್ಯಾರಾ ಓದಿ ಹೇಳು, ಸಾಕು.

ನಿನ್ನ ತಂಗಿ,
ವಯಸ್ಸು ಇಪ್ಪತ್ತನಾಲ್ಕು