ಹೊತ್ತಿಗೊಂದು ದರ, ಅವ್ವನ ಗಿರಣಿ

ಚಳ್ಳಕೆರೆ
೧೨ ಫೆಬ್ರವರಿ ೨೦೦೬

ಪ್ರೀತಿಯ ದಾಕ್ಷಾಯಿಣಿ ಅಕ್ಕನಿಗೆ, ಗಿರಣಿ ಸಂಸ್ಥಾನದ ಏಕೈಕ ಯುವರಾಜ ವೀರೇಶ್ ಮಾಡುವ ನಮಸ್ಕಾರಗಳು.

ನಿನ್ನ ಕೆಮ್ಮು ಹೇಗಿದೆ? ಕೊಂಡ್ಲಹಳ್ಳಿಯ ನೀರು ಒಗ್ಗಿತೇ? ನಿನ್ನ ಕೈಯಡಿಗೆ ಭಾವನಿಗೆ ಒಗ್ಗಿತೇ ಎಂದು ಕೇಳುವ ಧೈರ್ಯ ನನಗಿಲ್ಲ. ಇಲ್ಲಿ ಅಪ್ಪ, ಅವ್ವ ಕ್ಷೇಮ. ನಾನು ಓಣಿಗೆ ಭಾರವಾಗಿ ಕ್ಷೇಮ.

ಈಗ ಗಂಭೀರ ವಿಷಯ. ಕರೆಂಟ್ ಬಿಲ್ ನೋಡಿ ಅಪ್ಪ, ಹಿಟ್ಟಿನ ಗಿರಣಿ ಮುಚ್ಚಿ ಕಿರಾಣಿ ಅಂಗಡಿ ಇಡೋಣ ಎಂದದ್ದು ನಿನಗೆ ಗೊತ್ತೇ ಇದೆ. ಇಷ್ಟು ವರ್ಷ ಗಿರಣಿ ನಡೆಸಿದವಳು ಅವ್ವ. ಅಂದು ಸಾರಿಗೆ ಉಪ್ಪು ಹಾಕಲಿಲ್ಲ, ಅಷ್ಟೇ. ಅಪ್ಪ ಸಪ್ಪೆ ಸಾರೇ ಉಂಡ. ಅಷ್ಟರಲ್ಲಿ ಕರೆಂಟ್ ಆಫೀಸಿನಿಂದ ಸುದ್ದಿ ಬಂತು: ಗಿರಣಿಯವರು ಬೇಕೆಂದರೆ ಹೊತ್ತಿಗೊಂದು ದರ. ಸಂಜೆ ಆರರಿಂದ ಹತ್ತರವರೆಗೆ ಕರೆಂಟ್ ತುಟ್ಟಿ, ಆಮೇಲೆ ಬೆಳಿಗ್ಗೆ ಆರರವರೆಗೆ ಅಗ್ಗ. ನಮ್ಮ ಗಿರಾಕಿಗಳೋ ಬರುವುದೇ ದೀಪ ಹಚ್ಚಿದ ಮೇಲೆ. "ಅಗ್ಗದ ಹೊತ್ತಿನಾಗೆ ಬೀಸ್ಸಾಕೆ ದೆವ್ವಗಳು ಜೋಳ ತರ್ತಾವಾ?" ಎಂದ ಅಪ್ಪ. ಅವ್ವ, "ಸಂಜೆ ಡಬ್ಬ ಇಟ್ಟು ಹೋಗ್ಲಿ. ನಾನು ಬೆಳಗಿನ ಜಾವ ಬೀಸಿಡ್ತೀನಿ" ಎಂದಳು. ಅಪ್ಪನಿಗೆ ನಗು ಬಂತು. ನಮ್ಮ ಓಣಿಯವರು ಬಂಗಾರ ಬಿಟ್ಟು ಹೋದಾರು, ಜೋಳ ಬಿಟ್ಟು ಹೋಗುವವರಲ್ಲ. ತಮ್ಮ ಕಾಳು ತಮ್ಮ ಕಣ್ಣೆದುರಿಗೇ ಹಿಟ್ಟಾಗಬೇಕು. ಇಲ್ಲವಾದರೆ ಯಾರದೋ ಹುಳುಕು ಜೋಳ ಬೆರೆಯಿತೆಂದೇ ಲೆಕ್ಕ. ಕೊನೆಗೆ ಹೊಸ ದರಕ್ಕೆ ಅರ್ಜಿ ಹಾಕುವ ಮೊದಲು ಒಂದು ವಾರ ಪರೀಕ್ಷೆ ಮಾಡಿ ನೋಡುವುದೆಂದು ತೀರ್ಮಾನವಾಯಿತು. ಸಭೆಯ ಅಧ್ಯಕ್ಷತೆ ನನ್ನದು. ಯಾರೂ ಕೇಳಿರಲಿಲ್ಲ.

ಅವ್ವ ಓಣಿಯವರನ್ನು ಹೇಗೋ ಒಪ್ಪಿಸಿದಳು. ಮೊದಲ ದಿನವೇ ಎಡವಟ್ಟಾಯಿತು. ಎಣ್ಣೆ ಮಿಲ್ಲುಗಳ ಊರಲ್ಲಿ ಎಲ್ಲರ ಮನೆಯಲ್ಲೂ ಅದೇ ಚೌಕದ ಎಣ್ಣೆ ಡಬ್ಬ. ಅವ್ವ ಬೀಸಿ ಸಾಲಾಗಿ ಇಟ್ಟಿದ್ದಳು. ಮನೆ ಮನೆಗೆ ಮುಟ್ಟಿಸುವ ಘನಕಾರ್ಯ ನನ್ನದು. ಎದುರುಮನೆ ಹೊನ್ನಕ್ಕನ ಜೋಳದ ಹಿಟ್ಟು ಮೆಕಾನಿಕ್ ಖುದ್ದೂಸ್ ಸಾಹೇಬರ ಹೆಂಡತಿ ಖುರ್ಷೀದ್ ಬೇಗಂ ಅವರಿಗೆ, ಅವರ ಗೋಧಿ ಹಿಟ್ಟು ಹೊನ್ನಕ್ಕನಿಗೆ ಹೋಯಿತು. ಇಬ್ಬರೂ ನೋಡದೆ ನೀರು ಹಾಕಿ ಕಲಸಿದ್ದರು. "ರೊಟ್ಟಿ ತಟ್ಟಾಕೆ ಕುಂತ್ರೆ ರಬ್ಬರ್ ಎಳದಂಗೆ ಎಳೀತೈತೆ, ನಿಮ್ಮವ್ವ ಏನ್ ಬೀಸ್ಯಾಳ್ಲೇ?" ಎಂದು ಹೊನ್ನಕ್ಕ ಇಡೀ ಓಣಿಗೆ ಕೇಳುವಂತೆ ಕೂಗಿದಳು. ನಾನು ಅಟ್ಟ ಏರಿ ಅಜ್ಞಾತವಾಸಕ್ಕೆ ಹೋದೆ.

ಅವ್ವ ನನ್ನ ಹೆಸರೆತ್ತಲಿಲ್ಲ, ಅಕ್ಕಾ. "ತಪ್ಪು ಗಿರಣೀದು" ಎಂದಳು. ನಮ್ಮ ಮನೆಯ ಜೋಳ, ಗೋಧಿ ತಂದು ಇಬ್ಬರ ಕಣ್ಣೆದುರಿಗೇ ಬೀಸಿ ಕೊಟ್ಟಳು. "ನಾಳೆಯಿಂದ ನಿಮ್ಮ ನಿಮ್ಮ ಹಳೇ ಸೀರೆ ಅಂಚು ಹರಿದು ಡಬ್ಬಕ್ಕೆ ಕಟ್ಟಿ ತರ್ರಿ. ಸೀರೆ ಗುರುತು ಹೆಣ್ಮಕ್ಳು ತಪ್ಪಲ್ಲ" ಎಂದಳು. ಇನ್ನು ಹಂಚುವ ಕೆಲಸವೂ ಇಲ್ಲ, ಬೆಳಿಗ್ಗೆ ಅವರೇ ಬಂದು ಒಯ್ಯಬೇಕು.

ಮರುದಿನ ಸಂಜೆ ಹೊನ್ನಕ್ಕ ಬರದಿದ್ದರೆ ಯಾರೂ ಬರುತ್ತಿರಲಿಲ್ಲ. ಅಪ್ಪ ಬಾಗಿಲಲ್ಲಿ ಪೇಪರ್ ತಲೆಕೆಳಗು ಹಿಡಿದು ಓದುತ್ತಿದ್ದ. ಹೊನ್ನಕ್ಕ ಹಸಿರು ಅಂಚು ಕಟ್ಟಿದ ಡಬ್ಬ ಹೊತ್ತು ಬಂದಳು. "ಅನ್ನಪೂರ್ಣ, ಒಂದು ಕಾಳು ಆಚೀಚೆ ಆದ್ರೆ ನಿನ್ನ ಗಿರಣಿ ಮುಂದೆ ಕುಂತ್ಕಂತೀನಿ" ಎಂದು ಡಬ್ಬ ಇಳಿಸಿದವಳು ತಿರುಗಿಯೂ ನೋಡದೆ ಹೊರಟುಹೋದಳು. ಹಿಂದೆಯೇ ಖುರ್ಷೀದ್ ಬೇಗಂ ಬಂದರು, ಆಮೇಲೆ ಉಳಿದವರು. ವಾರದ ಕೊನೆಗೆ ಡಬ್ಬಗಳಿಗೆ ಜಾಗ ಸಾಲದೆ ಅಪ್ಪ ತನ್ನ ಸೈಕಲ್ಲನ್ನು ಬೀದಿಗೆ ತಳ್ಳಿದ. ಬಣ್ಣ ಬಣ್ಣದ ಅಂಚು ಕಟ್ಟಿಕೊಂಡು ಅವ್ವನನ್ನು ನಂಬಿ ನಿಂತ ಆ ಸಾಲು ನೋಡಿದಾಗ, ತಮಾಷೆಯಲ್ಲ ಅಕ್ಕಾ, ಎದೆ ಉಬ್ಬಿ ಬಂತು.

ಹೊಸ ದರಕ್ಕೆ ಒಪ್ಪಿದ್ದೇವೆ. ಸಂಜೆ ಆರರ ಮೇಲೆ ಮೋಟಾರು ಮುಟ್ಟಬಾರದೆಂದು ಅವ್ವನ ಆಜ್ಞೆ. ಅವ್ವನ ನಿದ್ದೆ ಕೆಡಿಸಬೇಡಿ ಎಂದು ನೀನು ಬರೆಯುವ ಮೊದಲೇ ಹೇಳುತ್ತೇನೆ, ಅವಳು ಮಧ್ಯಾಹ್ನ ಮಲಗುತ್ತಾಳೆ. ಜಾವದಲ್ಲೆದ್ದು ಡಬ್ಬ ಎತ್ತಿಕೊಡುವ ನನ್ನ ನಿದ್ದೆಯ ಬಗ್ಗೆಯೂ ಎರಡು ಸಾಲು ಮರುಗು.

ಭಾವನಿಗೆ ನಮಸ್ಕಾರ, ನಿನಗೆ ಅವ್ವ ಅಪ್ಪನ ಆಶೀರ್ವಾದ.

ಇಂತು ನಿನ್ನ ತಮ್ಮ,
ವೀರೇಶ್

ತಾ.ಕ.: ಹೇಳಲೇಬೇಕಾದ್ದೇ ಬಿಟ್ಟುಹೋಯಿತು. ಅರ್ಜಿ ತುಂಬಿದವನು ನಾನು. ಗಿರಣಿ ಮಾಲೀಕರು ಎಂಬಲ್ಲಿ ಅಪ್ಪನ ಹೆಸರು ಬಿಟ್ಟು, ಕೀಟಲೆಗೆ 'ಅನ್ನಪೂರ್ಣಮ್ಮ' ಎಂದು ಬರೆದು ಬೈಗುಳಕ್ಕೆ ಕಾದು ಕೂತೆ. ಅಪ್ಪ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿದ. "ಮೀಟರಿನ ಹೆಸರು ಬದಲ್ಸೋ ಕಾಗದಾನೂ ಇಸ್ಕಂಡು ಬಾ" ಎಂದ. ಆಮೇಲೆ, "ಗಂಡ ಜಂಬುಲಿಂಗಪ್ಪ ಅಂತ ಪಕ್ಕದಾಗೆ ಬರೀಲೇ, ನನಗೂ ಒಂದೀಟು ಜಾಗ ಇರ್ಲಿ" ಎಂದು, ಸಹಿ ಹಾಕಲು ಪೆನ್ನನ್ನು ಅವ್ವನ ಕಡೆ ಚಾಚಿದ.