ಜಡೆಯ ಕೆಳಗಿನ ನೆಂಟ

ಹೊಸ ಮನೆ, ಕಿಟಕಿ ಪಕ್ಕದ ಮೇಜು
ಮೇ ೧೪, ಮಂಗಳವಾರ

ನನ್ನ ಮುದ್ದು ಅಪ್ಪಾ,

ಅದು ಕ್ಯಾನ್ಸರ್ ಅಲ್ಲ, ಅಲ್ಲವೇ ಅಲ್ಲ, ಬರೀ ನೀರಿನ ಚೀಲ ಅಂತ ಡಾಕ್ಟರ್ ಹೇಳಿಬಿಟ್ಟರು. ಇಷ್ಟು ಹೇಳದೆ ಕ್ಷೇಮಸಮಾಚಾರ ಶುರು ಮಾಡಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತಿತ್ತು. ಈಗ ಕೇಳುತ್ತೇನೆ, ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲ ಅಂಟಿನ ಡಬ್ಬಿಯ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಯಾವುದರಲ್ಲಿ ಕೈ ಅದ್ದುತ್ತಿದ್ದೇನೆ ಅಂತ ಮರೆಯುತ್ತಿದ್ದೀಯಾ? ಈ ಸೆಕೆಯಲ್ಲೂ ನೀನು ಕತ್ತಿಗೆ ಮಫ್ಲರ್ ಸುತ್ತಿಕೊಂಡೇ ಬೈಂಡಿಂಗ್ ಅಂಗಡಿಯಲ್ಲಿ ಕೂತಿರುತ್ತೀಯಂತೆ, ಚಿಕ್ಕಮ್ಮ ಹೇಳಿದಳು. ಫೋನಿನಲ್ಲಿ ಆ ಮಾತು ಎತ್ತಿದರೆ ಸಾಕು, ‘ಅಂಗಡೀಲಿ ಜನ ಇದಾರೆ ಮಗಳೇ, ಆಮೇಲೆ ಮಾಡ್ತೀನಿ’ ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ. ಇದನ್ನು ನಡುವೆ ಕಟ್ ಮಾಡಲು ಬರುವುದಿಲ್ಲ. ಮಫ್ಲರಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ, ಓಡಿಹೋಗಬೇಡ.

ಮದುವೆಯಲ್ಲಿ ಬೇರೆ ಅಪ್ಪಂದಿರು ಹೆಣ್ಣುಮಕ್ಕಳಿಗೆ ಎಷ್ಟೆಷ್ಟೋ ಬುದ್ಧಿ ಹೇಳಿ ಕಳಿಸುತ್ತಾರೆ. ನೀನು ಹೇಳಿದ್ದು ಒಂದೇ: ‘ಜಡೆ ಎಡಕ್ಕೇ ಇರ್ಲಿ. ನೆಗಡಿ ಮಾಡ್ಕೋಬೇಡ.’ ನನ್ನ ಎಡ ದವಡೆಯ ಕೆಳಗೆ ಹುಟ್ಟಿದಾಗಿನಿಂದ ಇರುವ ಆ ಮೆತ್ತನೆ ಗಂಟಿಗೆ ನೆಂಟ ಅಂತ ಹೆಸರಿಟ್ಟವನೂ ನೀನೇ. ನೆಗಡಿಯಾದಾಗ ಕರೆಯದೆ ಬರುತ್ತಾನೆ, ಹೇಳದೆ ಹೋಗುತ್ತಾನೆ. ಅಮ್ಮ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ಪುಸ್ತಕ ಹೊಲಿಯುವ ಅದೇ ಬೆರಳುಗಳಿಂದ ನನ್ನ ಜಡೆ ಹೆಣೆಯುತ್ತಿದ್ದೆಯಲ್ಲ, ಹುಬ್ಬು ಮೇಲಕ್ಕೆ ಎಳೆದುಕೊಳ್ಳುವಷ್ಟು ಬಿಗಿಯಾಗಿ. ಹೆಣೆದು ಮುಗಿಸಿ ಎಡಭುಜದ ಮೇಲೆ ಇಳಿಬಿಟ್ಟು ಒಂದು ಸಲ ತಟ್ಟುತ್ತಿದ್ದೆ. ಅದು ಪ್ರೀತಿ ಅಂತ ಗೊತ್ತಿತ್ತು. ಮುಚ್ಚುವುದು ಅಂತಲೂ ಗೊತ್ತಿತ್ತು.

ಆದರೆ ಇಲ್ಲಿ ಬಂದ ಮೇಲೆ ನಾನೂ ಇವರೂ ಪಂದ್ಯ ಕಟ್ಟಿ ಐಸ್‌ಕ್ರೀಮ್ ತಿಂದೆವು. ನಾನೇ ಗೆದ್ದೆ. ನೆಗಡಿ ಬಂತು, ಹಿಂದೆಯೇ ನೆಂಟನೂ ಬಂದ. ನೆಗಡಿ ಹೋಯಿತು, ನೆಂಟ ಮಾತ್ರ ನಿಂಬೆಹಣ್ಣಿನಷ್ಟಾಗಿ ಠಿಕಾಣಿ ಹೂಡಿದ. ನಾನು ಜಡೆಯನ್ನು ಇನ್ನೂ ಮುಂದಕ್ಕೆ ಎಳೆದುಕೊಂಡು ಓಡಾಡಿದೆ. ಒಂದು ಸಂಜೆ ಇವರು ಸ್ಕೂಲಿನಿಂದ ಬಂದವರೇ (ಡ್ರಾಯಿಂಗ್ ಮೇಷ್ಟ್ರು ಅಲ್ಲವೇ, ಕಣ್ಣು ಸುಮ್ಮನಿರುವುದಿಲ್ಲ) ಹಳೇ ಸ್ಕೆಚ್‌ಪುಸ್ತಕ ತಂದು ತೋರಿಸಿದರು. ಮೊದಲ ಸಲ ನಮ್ಮ ಮನೆಗೆ ಬಂದು ಹೋದ ದಿನವೇ ನನ್ನ ಮುಖ ಬರೆದಿದ್ದರಂತೆ. ಅದರಲ್ಲಿ ಜಡೆಯೂ ಇದೆ, ಜಡೆಯ ಹಿಂದೆ ಸಣ್ಣದೊಂದು ಉಬ್ಬೂ ಇದೆ. ‘ಕೇಳಿದ್ರೆ ನಿಮ್ಮಪ್ಪ ಬೇಜಾರು ಮಾಡ್ಕೊಳ್ತಾರೆ ಅನ್ನಿಸ್ತು. ಈಗ ದೊಡ್ಡದಾಗಿದೆ, ತೋರ್ಸೋಣ,’ ಅಂದರು. ಅಪ್ಪಾ, ನಾವಿಬ್ಬರೂ ಅಷ್ಟು ವರ್ಷ ಹೆಣೆದದ್ದು ಒಂದೇ ನೋಟಕ್ಕೆ ಬಿಚ್ಚಿಹೋಯಿತು. ಅತ್ತೆಯ ಮುಂದೆ ನಾನೇ ಜಡೆ ಸರಿಸಿ ತೋರಿಸಿದೆ. ಅವರು ಮುಟ್ಟಿ ನೋಡಿ, ‘ನಿಮ್ಮ ಮಾವನ ಹೊಟ್ಟೆ ಜೊತೆ ಇಷ್ಟು ವರ್ಷ ಸಂಸಾರ ಮಾಡಿದೀನಿ, ಈ ನಿಂಬೆಹಣ್ಣು ಯಾವ ಲೆಕ್ಕ,’ ಅಂದರು. ಮಾವ ಪೇಪರಿನಿಂದ ತಲೆಯೆತ್ತಲಿಲ್ಲ, ಹೊಟ್ಟೆಯನ್ನು ಮಾತ್ರ ಸ್ವಲ್ಪ ಒಳಗೆಳೆದುಕೊಂಡರು.

ಡಾಕ್ಟರಮ್ಮ ಕೋಣೆಯ ದೀಪ ಆರಿಸಿ ಗಂಟಿಗೆ ಒಂದು ಪುಟ್ಟ ಟಾರ್ಚ್ ಒತ್ತಿ ಹಿಡಿದರು. ನೆಂಟ ಒಳಗಿನಿಂದ ಕೆಂಪಗೆ ಬೆಳಗಿದನಂತೆ. ನೀರು ತುಂಬಿದ್ದರೆ ಹಾಗೇ ಬೆಳಗುವುದು, ಗಟ್ಟಿ ಗಡ್ಡೆಯಾದರೆ ಬೆಳಕು ದಾಟುವುದಿಲ್ಲ. ಆಮೇಲೆ ಸ್ಕ್ಯಾನ್ ಮಾಡಿ ಒಳಗೆ ಗೂಡುಗೂಡಾಗಿರುವುದನ್ನೂ, ಅದು ಶ್ವಾಸನಾಳದ ತನಕ ಹೋಗಿಲ್ಲ ಎನ್ನುವುದನ್ನೂ ನೋಡಿಕೊಂಡರು. ಸೂಜಿಯಿಂದ ನೀರು ತೆಗೆದು ಲ್ಯಾಬಿಗೆ ಕಳಿಸಿದರು, ಕೆಟ್ಟದ್ದೇನೂ ಸಿಗಲಿಲ್ಲ. ರಕ್ತನಾಳಗಳ ಜೊತೆಗೇ ಮೈಯಲ್ಲಿ ದುಗ್ಧರಸ ಅನ್ನುವ ತಿಳಿನೀರು ಹರಿಯುವ ಸಣ್ಣ ಕಾಲುವೆಗಳೂ ಇರುತ್ತವಂತೆ. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ಒಂದೆರಡು ಕಾಲುವೆ ದೊಡ್ಡದಕ್ಕೆ ಸೇರದೆ ಅಲ್ಲೇ ನಿಂತು ಕೆರೆಯಾಯಿತು. ಅಮ್ಮ ಏನೋ ತಿಂದದ್ದಕ್ಕಲ್ಲ, ನೀನು ನನ್ನನ್ನು ಚಳಿಯಲ್ಲಿ ಹೊರಗೆ ಕರೆದುಕೊಂಡು ಹೋದದ್ದಕ್ಕೂ ಅಲ್ಲ. ಈ ಎರಡು ಸಾಲನ್ನು ದಯವಿಟ್ಟು ಇನ್ನೊಂದು ಸಲ ಓದು. ದೊಡ್ಡವರಲ್ಲಿ ಇದು ತುಂಬಾ ಅಪರೂಪವಂತೆ. ನಿನ್ನ ಮಗಳು ಅಪರೂಪದವಳು ಅನ್ನುತ್ತಿದ್ದೆಯಲ್ಲ, ಈಗ ಪ್ರೂಫ್ ಸಿಕ್ಕಿತು.

ಕತ್ತರಿಸಿ ತೆಗೆಯಬಹುದಿತ್ತು, ಆದರೆ ತುಟಿಯನ್ನು ನಗಿಸುವ ನರ ಅದರ ಮೇಲೇ ಹಾದುಹೋಗಿದೆ. ಅದಕ್ಕೆ ಪೆಟ್ಟಾದರೆ ನಗು ಸೊಟ್ಟಗಾಗುತ್ತದೆ. ಹಾಗಾಗಿ ಮೊದಲು ಇಂಜೆಕ್ಷನ್. ಇದು ನಿನಗೆ ಡಾಕ್ಟರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ: ನೀರನ್ನೆಲ್ಲ ಎಳೆದು, ಚೀಲದ ಗೋಡೆಗಳು ಒಂದಕ್ಕೊಂದು ಕಚ್ಚಿಕೊಳ್ಳುವ ಔಷಧಿ ಹಾಕುತ್ತಾರೆ. ರಟ್ಟಿಗೆ ಅಂಟು ಬಳಿದ ಹಾಗೆಯೇ. ಹಸಿಯಿದ್ದಾಗ ಉಬ್ಬುತ್ತದೆ, ಒಣಗಿದ ಮೇಲೆ ಚಪ್ಪಟೆ. ನನಗೂ ಜ್ವರ ಬಂದು ಮೊದಲಿಗಿಂತ ಜಾಸ್ತಿ ಊದಿದಾಗ ಇವರು ಬೆವರಿಬಿಟ್ಟರು. ನಾನು, ‘ಸುಮ್ಮನಿರಿ, ಅಂಟು ಇನ್ನೂ ಹಸಿ,’ ಅಂದೆ. ಈಗ ನೆಂಟ ಕಡಲೆಕಾಳಿನಷ್ಟಾಗಿದ್ದಾನೆ. ಇನ್ನೊಂದು ಸಲ ಚುಚ್ಚಬೇಕಾಗಬಹುದು, ಮತ್ತೆ ಮುಖ ತೋರಿಸಿದರೂ ತೋರಿಸಬಹುದು. ತೋರಿಸಲಿ, ಅವನ ವಿಳಾಸ ಈಗ ಗೊತ್ತಿದೆ. ನನ್ನ ಜಡೆ ಈಗ ಬೆನ್ನ ಮೇಲಿದೆ, ಅಪ್ಪಾ. ಕತ್ತಿಗೆ ಗಾಳಿ ತಾಗಿದರೆ ಇಷ್ಟು ಚೆನ್ನಾಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಅತ್ತೆ ಮಾವ ನಿನ್ನನ್ನು ಕೇಳಿದ್ದಾರೆ. ಇವರು ನಮಸ್ಕಾರ ತಿಳಿಸಲು ಹೇಳಿ, ಪಕ್ಕದಲ್ಲೇ ನಿಂತು ಬರೆದೆನೋ ಇಲ್ಲವೋ ಅಂತ ನೋಡುತ್ತಿದ್ದಾರೆ.

ನಿನ್ನ
ಬಾಯಿಬಡುಕಿ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಲ್ಲಿಯ ತನಕ ಎಳೆದೆ. ಮದುವೆ ಮುಗಿಸಿ ಹೊರಡುವ ದಿನ ನಿನ್ನನ್ನು ತಬ್ಬಿಕೊಂಡಾಗ ಮಫ್ಲರಿನೊಳಗೆ ನನ್ನ ಕೆನ್ನೆಗೆ ಒಂದು ಗಂಟು ತಗುಲಿತು. ನನ್ನದು ಒತ್ತಿದರೆ ಜಾರುತ್ತಿತ್ತು. ನಿನ್ನದು ಕಲ್ಲಿನ ಹಾಗಿತ್ತು, ಅಲುಗಲಿಲ್ಲ. ಡಾಕ್ಟರಮ್ಮನಿಗೆ ಹೇಳಿದೆ. ಅಲ್ಲಿಯವರೆಗೆ ನಗುತ್ತಿದ್ದವರು ನಗು ನಿಲ್ಲಿಸಿ, ‘ಬೇಗ ಕರ್ಕೊಂಡು ಬನ್ನಿ,’ ಅಂದರು. ಅದು ಏನು ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ, ಮಫ್ಲರಿಗಂತೂ ಗೊತ್ತಿಲ್ಲ. ಅದಕ್ಕೆ ಹೆಸರಿಡಬೇಡ, ಈ ಸಲ ಹೆಸರು ಡಾಕ್ಟರೇ ಇಡಲಿ. ಅಂಗಡಿಯ ಕೀಲಿ ಚಿಕ್ಕಮ್ಮನಿಗೆ ಕೊಡು, ಅವಳಿಗೆ ಹೇಳಿದ್ದೇನೆ. ಸ್ಟೇಷನ್ನಿಗೆ ಮಫ್ಲರ್ ಇಲ್ಲದೆ ಬಾ, ನಾನೂ ಜಡೆ ಹಿಂದಕ್ಕೆ ಹಾಕಿಕೊಂಡೇ ಇಳಿಯುತ್ತೇನೆ. ಭಾನುವಾರ ವಾಪಸಿಗೆ ಇವರು ಮೂರು ಸೀಟು ಮಾಡಿಸಿದ್ದಾರೆ. ಅಲ್ಲಿಗೆ ಬರುವವರು ಮಾತ್ರ ನಾವಿಬ್ಬರೇ, ಶನಿವಾರ, ಬೆಳಗಿನ ಪ್ಯಾಸೆಂಜರಿಗೆ.